ಗುಣದಂಕಕಾರ್ತಿ: ಅತ್ತಿಮಬ್ಬೆಯ ಬದುಕು ಮತ್ತು ಗುಣನಿರ್ಣಯದ ನೆಲೆಗಳು

ಕ್ರಿ.ಶ. ಹತ್ತನೆಯ ಶತಮಾನದ ಕನ್ನಡ ನಾಡು ಮನುಷ್ಯರ ಗುಣವನ್ನು ಅಳೆಯುತ್ತಿದ್ದುದು ಮುಖ್ಯವಾಗಿ ರಣರಂಗದಲ್ಲಿ. ಒಡೆಯನ ಅನ್ನದ ಋಣವನ್ನು ಪ್ರಾಣದಿಂದ ತೀರಿಸುವ ಜೋಳವಾಳಿ, ಕೊಟ್ಟ ಮಾತಿಗೆ ಸಾಯುವ ವೇಳೆವಾಳಿ, ತುರುಗೊಳಲ್ಲಿ ಮಡಿಯುವ ಶೌರ್ಯ ಇವು ಅಂದಿನ ಸಾವಿರಾರು ವೀರಗಲ್ಲುಗಳ ವಸ್ತು. ಕಾವ್ಯದ ಮಾತೂ ಇದಕ್ಕಿಂತ ಬಹಳ ದೂರದ್ದಲ್ಲ. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ ಪಂಪನು ಭಾರತದ ಪ್ರಮುಖ ಪಾತ್ರಗಳಿಗೆ ಒಂದೊಂದು ಗುಣವನ್ನು ಹಂಚಿಕೊಟ್ಟನು. ದುರ್ಯೋಧನನಿಗೆ ಛಲ, ಕರ್ಣನಿಗೆ ಸತ್ಯ, ಭೀಮನಿಗೆ ಪೌರುಷ, ಶಲ್ಯನಿಗೆ ಬಲ, ಭೀಷ್ಮನಿಗೆ ಔನ್ನತ್ಯ, ದ್ರೋಣನಿಗೆ ಬಿಲ್ವಿದ್ಯೆ, ಅರ್ಜುನನಿಗೆ ಸಾಹಸ, ಧರ್ಮರಾಯನಿಗೆ ಧರ್ಮ ಸಂದವು. ಛಲವೂ ಗುಣಗಳ ಪಟ್ಟಿಯಲ್ಲಿ ಸೇರಿಕೊಂಡಿರುವುದನ್ನು ವಿಮರ್ಶಕರು ಮೆಚ್ಚುಗೆಯಿಂದ ಗುರುತಿಸಿದ್ದಾರೆ. ಆ ಪಟ್ಟಿಯಲ್ಲಿ ಒಬ್ಬ ಹೆಣ್ಣೂ ಇಲ್ಲವೆಂಬುದರ ಚರ್ಚೆ ಅಷ್ಟಾಗಿ ನಡೆದಿಲ್ಲ. ಪಂಪನ ಕಾವ್ಯದ ನಂತರ ಅರ್ಧಶತಮಾನವೊಂದು ಕಳೆಯುವಷ್ಟರಲ್ಲಿ, ಯುದ್ಧವನ್ನೇ ಕುಲವೃತ್ತಿಯಾಗಿ ಹೊಂದಿದ್ದ ಮನೆತನದ ವಿಧವೆಯೊಬ್ಬಳು ಗುಣಕ್ಕೇ ಪ್ರತಿಮಾನವಾಗಿ ನಿಂತಳು. ಆಕೆ ಅತ್ತಿಮಬ್ಬೆ. ಅದು ಹೇಗೆ ಸಾಧ್ಯವಾಯಿತೆಂಬುದು ಆಕೆಯ ಜೀವನಚರಿತ್ರೆಯ ಮುಖ್ಯ ಪ್ರಶ್ನೆ.

ಅತ್ತಿಮಬ್ಬೆಯ ಪಿತೃಮೂಲ ವೆಂಗಿಮಂಡಲದ ಕಮ್ಮೆನಾಡಿನ ಪುಂಗನೂರು. ಅಜ್ಜ ನಾಗಮಯ್ಯ ಬ್ರಾಹ್ಮಣಕುಲದವನು, ಜಿನಭಕ್ತ. ಅವನ ಮಕ್ಕಳು ಮಲ್ಲಪ ಮತ್ತು ಪುನ್ನಮಯ್ಯ ಇಬ್ಬರೂ ಕತ್ತಿ ಹಿಡಿದವರು, ಜೊತೆಗೆ ಶಾಸ್ತ್ರ ಬಲ್ಲವರು. ತಮ್ಮ ಗುರು ಜಿನಚಂದ್ರರ ಪರೋಕ್ಷವಿನಯಕ್ಕಾಗಿ ಈ ಸಹೋದರರು ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದರು. ಮುಂದೆ ಪುನ್ನಮಯ್ಯನು ಕಾವೇರಿಯ ದಡದ ಯುದ್ಧದಲ್ಲಿ ಮಡಿದನು. ಮಲ್ಲಪ ಮತ್ತು ಅಪ್ಪಕಬ್ಬೆಯರ ಮಗಳಾದ ಅತ್ತಿಮಬ್ಬೆಯು ಬೆಳೆದ ಮನೆಯಲ್ಲಿ ಹೀಗೆ ಎರಡು ಮೌಲ್ಯವ್ಯವಸ್ಥೆಗಳು ಒಂದೇ ಸೂರಿನಡಿ ಇದ್ದವು. ಒಂದು ಒಡೆಯನಿಗಾಗಿ ಸಾಯುವುದನ್ನು ಕಲಿಸಿತು. ಇನ್ನೊಂದು ಗುರುವಿಗಾಗಿ ಗ್ರಂಥ ಬರೆಯಿಸುವುದನ್ನು ಕಲಿಸಿತು. ಮಗಳು ಯಾವುದನ್ನು ತನ್ನದಾಗಿಸಿಕೊಂಡಳೆಂಬುದು ಮುಂದಿನ ಕಥೆ.

973ರಲ್ಲಿ ರಾಷ್ಟ್ರಕೂಟರ ಆಳ್ವಿಕೆ ಕುಸಿದು ಚಾಲುಕ್ಯ ತೈಲಪನು ಪ್ರಬಲನಾದಾಗ ಈ ಮನೆತನ ಹೊಸ ಪ್ರಭುತ್ವದ ಆಪ್ತವಲಯಕ್ಕೆ ಸೇರಿತು. ತೈಲಪನ ಮಂತ್ರಿ ಧಲ್ಲಪನ ಮಗ ನಾಗದೇವನೊಡನೆ ಅತ್ತಿಮಬ್ಬೆಯ ವಿವಾಹವಾಯಿತು. ಆಕೆಯ ತಂಗಿ ಗುಂಡಮಬ್ಬೆಯೂ ಅವನನ್ನೇ ಕೈಹಿಡಿದಳು. ನಾಗದೇವನು ತೈಲಪನ ಪಕ್ಷದಲ್ಲಿ ಕಾದಿದ ದಂಡನಾಯಕ. ಅತ್ತಿಮಬ್ಬೆಗೆ ಅಣ್ಣಿಗನೆಂಬ ಮಗ ಹುಟ್ಟಿದನು. ಪಡೆವಳ ತೈಲನೆಂದು ಪ್ರಸಿದ್ಧನಾದವನು ಇವನೇ. ನಾಗದೇವನು ಯುದ್ಧದಲ್ಲಿ ಮಡಿದಾಗ ಗುಂಡಮಬ್ಬೆ ಪತಿಯೊಡನೆ ಚಿತೆಯೇರಿದಳು. ಅತ್ತಿಮಬ್ಬೆ ಏರಲಿಲ್ಲ.

ಈ ಘಟನೆಯನ್ನು ಪತಿಭಕ್ತಿ ಮತ್ತು ಮಾತೃವಾತ್ಸಲ್ಯಗಳ ಸಂಘರ್ಷವೆಂದು ವಿವರಿಸುವುದು ರೂಢಿ. ತಂಗಿಗೆ ಗಂಡ, ಅಕ್ಕನಿಗೆ ಮಗ ಎಂಬ ಸರಳ ವಿಭಜನೆ ಇದರ ಹಿಂದಿದೆ. ಆದರೆ ಇಬ್ಬರೂ ಒಂದೇ ತಂದೆಯ ಮಕ್ಕಳು, ಒಂದೇ ಧರ್ಮದಲ್ಲಿ ಬೆಳೆದವರು. ಆ ಧರ್ಮದ ಶಾಸ್ತ್ರ ಈ ವಿಷಯದಲ್ಲಿ ಮೌನವಾಗಿಲ್ಲ. ಶ್ರಾವಕರ ಆಚಾರವನ್ನು ನಿರೂಪಿಸುವ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಪುಣ್ಯವೆಂದು ಭ್ರಮಿಸಿ ನದಿ ಸಮುದ್ರಗಳಲ್ಲಿ ಮೀಯುವುದು, ಮರಳು ಕಲ್ಲುಗಳ ರಾಶಿ ಹಾಕುವುದು, ಬೆಟ್ಟದಿಂದ ಬೀಳುವುದು ಇವುಗಳ ಜೊತೆಗೆ ಬೆಂಕಿಗೆ ಬೀಳುವುದನ್ನೂ ಸೇರಿಸಿ ಲೋಕಮೂಢತೆಯೆಂದು ಹೆಸರಿಸುತ್ತದೆ. ದೇಹತ್ಯಾಗಕ್ಕೆ ಜೈನರಲ್ಲಿ ಮಾನ್ಯವಾದ ದಾರಿ ಸಲ್ಲೇಖನ. ಅದು ನಿಧಾನದ್ದು, ಎಚ್ಚರದ್ದು, ಕಷಾಯಗಳನ್ನು ಕ್ಷೀಣಗೊಳಿಸಿಕೊಂಡು ನಡೆಯುವಂಥದು. ಶೋಕದ ಆವೇಗದಲ್ಲಿ ಅಗ್ನಿಪ್ರವೇಶ ಮಾಡುವುದು ಅದರ ಲಕ್ಷಣಗಳಿಗೆ ಹೊಂದುವುದಿಲ್ಲ. ಹಾಗಾಗಿ ಸೇನಾನಾಯಕರ ಕುಲ ಗುಣವೆಂದು ಗೌರವಿಸುತ್ತಿದ್ದ ಕ್ರಿಯೆಯನ್ನೇ ಅದೇ ಕುಲ ನಂಬಿದ ಶಾಸ್ತ್ರ ಮೌಢ್ಯವೆಂದು ಎಣಿಸುತ್ತಿತ್ತು. ಗುಂಡಮಬ್ಬೆ ಕುಲದ ಅಳತೆಗೋಲನ್ನು ಒಪ್ಪಿದಳು. ಅತ್ತಿಮಬ್ಬೆ ಶಾಸ್ತ್ರದ ಅಳತೆಗೋಲನ್ನು ಹಿಡಿದಳು. ಮಗನ ಪೋಷಣೆ ಆಕೆಯ ನಿರ್ಧಾರಕ್ಕೆ ಕಾರಣವಾಗಿದ್ದಿರಬಹುದು. ಅದೊಂದೇ ಕಾರಣವಾಗಿದ್ದರೆ ಮುಂದಿನ ದಶಕಗಳ ವ್ರತಜೀವನಕ್ಕೆ ವಿವರಣೆ ದೊರೆಯುವುದಿಲ್ಲ.

ಈ ಕುಟುಂಬದ ಚರಿತ್ರೆ ಕನ್ನಡಕ್ಕೆ ದೊರೆತಿರುವುದು ಬಹುಮಟ್ಟಿಗೆ ರನ್ನನ ಅಜಿತಪುರಾಣದಿಂದ. ಅವನು ಗುಂಡಮಬ್ಬೆಯನ್ನು ಎಲ್ಲಿಯೂ ನಿಂದಿಸುವುದಿಲ್ಲ. ಜೈನಕವಿಯಾದ ಅವನಿಗೆ ಶಾಸ್ತ್ರದ ನಿಲುವು ತಿಳಿಯದ್ದೇನಲ್ಲ. ಆದರೂ ಆ ಮರಣವನ್ನು ಗೌರವದಿಂದಲೇ ದಾಖಲಿಸಿ, ಮಹಾಕಾವ್ಯದ ಆದರ್ಶವನ್ನಾಗಿ ಅಕ್ಕನನ್ನು ಆರಿಸಿಕೊಳ್ಳುತ್ತಾನೆ. ಒಂದು ಗುಣವನ್ನು ನಿರಾಕರಿಸದೆಯೇ ಇನ್ನೊಂದನ್ನು ಅದಕ್ಕಿಂತ ಮೇಲಕ್ಕೆ ಎತ್ತುವ ಈ ವಿಧಾನ ಸೂಕ್ಷ್ಮವಾದುದು. ಸಮಾಜದ ಮೌಲ್ಯಗಳು ಬದಲಾಗುವುದು ಬಹುಶಃ ಹೀಗೆಯೇ. ಹಳೆಯದನ್ನು ಯಾರೂ ಬಾಯಿಬಿಟ್ಟು ತಳ್ಳಿಹಾಕುವುದಿಲ್ಲ, ಅದರ ಹೆಸರನ್ನು ಹೇಳುವವರು ಕಡಿಮೆಯಾಗುತ್ತಾರೆ.

ಬದುಕಿ ಉಳಿದದ್ದು ತಾನಾಗಿಯೇ ಗುಣವಾಗುವುದಿಲ್ಲ. ಅದನ್ನು ಅತ್ತಿಮಬ್ಬೆ ತನ್ನ ಕೃತಿಯಿಂದ ಗುಣವಾಗಿಸಬೇಕಾಯಿತು. ವ್ರತನಿಯಮಗಳಿಂದ ದೇಹವನ್ನು ದಂಡಿಸಿದಳು. ಶ್ರವಣಬೆಳಗೊಳದಲ್ಲಿ ಹೊಸದಾಗಿ ಎದ್ದಿದ್ದ ಗೊಮ್ಮಟನನ್ನು ಕಾಣುವವರೆಗೆ ಅನ್ನ ಮುಟ್ಟೆನೆಂದು ಹೊರಟಳೆಂದೂ, ಬೆಟ್ಟವೇರಿ ದಣಿದ ಆಕೆಗಾಗಿ ಅಕಾಲದಲ್ಲಿ ಮಳೆ ಸುರಿಯಿತೆಂದೂ ಕಾವ್ಯ ಹೇಳುತ್ತದೆ. ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿ ದಾನಮಾಡಿದಳು. ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ್ದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ತೆಗೆಯಿಸಿ ಹಂಚಿದಳು.

ಈ ಕೊನೆಯ ಕಾರ್ಯದ ಬಳಿ ಸ್ವಲ್ಪ ನಿಲ್ಲಬೇಕು. ಸಾವಿರವೆಂಬುದು ದಾನಪ್ರಶಂಸೆಯ ತುಂಬುಸಂಖ್ಯೆಯೇ ಇರಬಹುದು. ಎಣಿಕೆಯನ್ನು ಅಕ್ಷರಶಃ ನಂಬದಿದ್ದರೂ ಕಾರ್ಯದ ಗಾತ್ರ ಕುಗ್ಗುವುದಿಲ್ಲ. ಶಾಂತಿಪುರಾಣ ಹನ್ನೆರಡು ಆಶ್ವಾಸಗಳ ಚಂಪೂಕಾವ್ಯ. ಓಲೆಗರಿಗಳನ್ನು ಹದಮಾಡಿ, ಕತ್ತರಿಸಿ, ಕಂಠದಿಂದ ಒಂದೊಂದಕ್ಷರವನ್ನೂ ಕೊರೆದು, ಮಸಿ ತುಂಬಿ, ತೂತಿಗೆ ದಾರ ಪೋಣಿಸಿ ಕಟ್ಟಬೇಕು. ಒಂದು ಪ್ರತಿಗೆ ನುರಿತ ಲಿಪಿಕಾರನ ಅನೇಕ ದಿನಗಳ ದುಡಿಮೆ ಬೇಕು. ಪ್ರತಿಯಿಂದ ಪ್ರತಿಗೆ ನುಸುಳುವ ದೋಷವನ್ನು ತಿದ್ದಲು ಓದಬಲ್ಲವರೂ ಬೇಕು. ಅಷ್ಟು ಜನರಿಗೆ ಅನ್ನವಿಕ್ಕಿ ವರ್ಷಗಟ್ಟಲೆ ಕೆಲಸಕ್ಕೆ ಹಚ್ಚಬಲ್ಲ ಸಂಪತ್ತು ಆಕೆಗಿತ್ತು. ಆ ಲಿಪಿಕಾರರ ಹೆಸರನ್ನು ಯಾರೂ ಬರೆದಿಡಲಿಲ್ಲ. ಸಾವಿರ ಪ್ರತಿಗಳ ಹಿಂದಿನ ಶ್ರದ್ಧೆ, ತಾಳ್ಮೆ, ಕಣ್ಣುನೋವು ಅವರದು. ಗುಣ ಮಾತ್ರ ದಾನಿಯ ಲೆಕ್ಕಕ್ಕೆ ಜಮೆಯಾಯಿತು. ದಾನವು ಗುಣವಾಗಿ ಕಾಣಬೇಕಾದರೆ ಕೊಡಲು ಏನಾದರೂ ಇರಬೇಕೆಂಬ ಮಿತಿ ಈ ಮೌಲ್ಯದಲ್ಲಿಯೇ ಅಡಗಿದೆ. ಜೈನಶಾಸ್ತ್ರಕಾರರು ಇದನ್ನು ಅರಿಯದವರಲ್ಲ. ದಾನದ ಹಿರಿಮೆ ದ್ರವ್ಯವೊಂದನ್ನೇ ಅವಲಂಬಿಸದೆ ವಿಧಿ, ದಾತೃ, ಪಾತ್ರಗಳನ್ನೂ ಅವಲಂಬಿಸುತ್ತದೆಂದು ತತ್ತ್ವಾರ್ಥಸೂತ್ರ ಹೇಳುವುದು ಇದಕ್ಕಾಗಿಯೇ. ಆದರೂ ಶಾಸನ ಹಾಕಿಸಿಕೊಂಡವರಲ್ಲಿ ದ್ರವ್ಯವಿಲ್ಲದವರು ವಿರಳ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಅತ್ತಿಮಬ್ಬೆ ಶಾಸ್ತ್ರದಾನಕ್ಕೆ ಕೊಟ್ಟ ಒತ್ತು ಆಕೆಯ ಸ್ವಂತ ಆಯ್ಕೆ. ಬಸದಿ ಕಟ್ಟಿಸಿದವರು, ಮುನಿಗಳಿಗೆ ಅನ್ನವಿತ್ತವರು ಆ ಕಾಲದಲ್ಲಿ ಹಲವರು. ದೇಶಭಾಷೆಯ ಕಾವ್ಯವೊಂದನ್ನು ಪುಣ್ಯದ ವಸ್ತುವೆಂದು ಭಾವಿಸಿ ಇಷ್ಟೊಂದು ಪ್ರಮಾಣದಲ್ಲಿ ಪ್ರತಿಮಾಡಿಸಿದ ಇನ್ನೊಂದು ನಿದರ್ಶನ ಪ್ರಾಚೀನ ಕನ್ನಡದಲ್ಲಿ ಪ್ರಸಿದ್ಧವಿಲ್ಲ. ಮೇಲೆ ಹೇಳಿದ ಶ್ರಾವಕಾಚಾರವು ಸಮ್ಯಗ್ದರ್ಶನದ ಎಂಟು ಅಂಗಗಳಿಗೆ ಎಂಟು ಜನರನ್ನು ದೃಷ್ಟಾಂತವಾಗಿ ಹೆಸರಿಸುತ್ತದೆ. ಅಂಜನನೆಂಬ ಕಳ್ಳನಿಂದ ಮೊದಲಾಗುವ ಆ ಸಾಲಿನಲ್ಲಿ ಅನಂತಮತಿ ಮತ್ತು ರೇವತಿ ಎಂಬ ಇಬ್ಬರು ಸ್ತ್ರೀಯರಿದ್ದಾರೆ. ನಿಷ್ಕಾಂಕ್ಷೆಗೆ ಅನಂತಮತಿ, ಮೂಢವಲ್ಲದ ದೃಷ್ಟಿಗೆ ರೇವತಿ. ಪಂಪನ ಲೌಕಿಕ ಪಟ್ಟಿಯಲ್ಲಿ ಹೆಣ್ಣಿಗೆ ದೊರೆಯದ ಜಾಗ ಇಲ್ಲಿ ತೆರೆದಿತ್ತು. ಧರ್ಮವನ್ನು ಬೆಳಗಿಸುವ ಪ್ರಭಾವನೆ ಎಂಬ ಎಂಟನೆಯ ಅಂಗಕ್ಕೆ ಶಾಸ್ತ್ರದಲ್ಲಿ ವಜ್ರಕುಮಾರ ದೃಷ್ಟಾಂತ. ಕನ್ನಡ ಜೈನಸಮಾಜಕ್ಕೆ ಅತ್ತಿಮಬ್ಬೆಯೇ ದೃಷ್ಟಾಂತವಾದಳು.

ಹಾಗೆ ಆಗುವಲ್ಲಿ ಕವಿಯ ಪಾತ್ರ ಚಿಕ್ಕದಲ್ಲ. ರನ್ನನು ಮುದುವೊಳಲಿನ, ಅಂದರೆ ಈಗಿನ ಮುಧೋಳದ, ಬಳೆಗಾರರ ಮನೆಯವನು. ವಿದ್ಯೆಯನ್ನರಸಿ ಗಂಗನಾಡಿಗೆ ಹೋಗಿ ಚಾವುಂಡರಾಯನ ಆಶ್ರಯ ಪಡೆದು, ಅಜಿತಸೇನಾಚಾರ್ಯರಲ್ಲಿ ಕಲಿತು, ಬಳಿಕ ತೈಲಪನಿಂದ ಕವಿಚಕ್ರವರ್ತಿಯೆನಿಸಿದನು. ಅತ್ತಿಮಬ್ಬೆಯ ಪ್ರೇರಣೆಯಿಂದ ಅವನು 993ರಲ್ಲಿ ಅಜಿತಪುರಾಣವನ್ನು ಪೂರೈಸಿದನು. ಆಶ್ರಯದಾತೆಯನ್ನು ಆಶ್ರಿತಕವಿ ಹೊಗಳುವುದರಲ್ಲಿ ಆಶ್ಚರ್ಯವಿಲ್ಲ. ಗಮನಿಸಬೇಕಾದುದು ಹೊಗಳಿಕೆಗೆ ಆಯ್ದ ಪದಗಳನ್ನು. ದಾನಚಿಂತಾಮಣಿ ಎಂಬ ಬಿರುದು ಎಲ್ಲರಿಗೂ ಪರಿಚಿತ. ಅಷ್ಟೇ ಅರ್ಥವತ್ತಾದುದು ಗುಣದಂಕಕಾರ್ತಿ ಎಂಬುದು. ಅಂಕಕಾರನೆಂದರೆ ಪಣತೊಟ್ಟು ದ್ವಂದ್ವಯುದ್ಧಕ್ಕೆ ಇಳಿಯುವ ಭಟ. ಅದರ ಸ್ತ್ರೀಲಿಂಗ ರೂಪವನ್ನು ಗುಣಶಬ್ದಕ್ಕೆ ಜೋಡಿಸಿದಾಗ ರಣರಂಗದ ಮಾತು ರಣರಂಗದಿಂದ ಹೊರಬರುತ್ತದೆ. ಗಂಡನೂ ಚಿಕ್ಕಪ್ಪನೂ ಯುದ್ಧಕ್ಕೆ ಬಲಿಯಾದ ಹೆಣ್ಣುಮಗಳಿಗೆ ಈ ಬಿರುದು ಸಂದಿತು. ಹೊಸ ಗುಣಕ್ಕೆ ಹೊಸ ಪದವನ್ನು ಹುಟ್ಟಿಸದೆ, ಜನ ಆಗಲೇ ಮನ್ನಿಸುತ್ತಿದ್ದ ಪದವನ್ನೇ ತಿರುಗಿಸಿಕೊಂಡ ಜಾಣ್ಮೆ ಇಲ್ಲಿದೆ.

ಆಕೆಯ ಪಾವಿತ್ರ್ಯಕ್ಕೆ ರನ್ನನು ತರುವ ಹೋಲಿಕೆಗಳೂ ಇದೇ ಬಗೆಯವು. ಬಿಡಿಸಿದ ಹತ್ತಿ, ಗಂಗೆಯ ನೀರು, ತನ್ನ ಗುರು ಅಜಿತಸೇನರ ಗುಣಗಳು, ಕೊಪಣದ ಬೆಟ್ಟ ಈ ನಾಲ್ಕನ್ನು ಅವನು ಒಂದೇ ಸಾಲಿನಲ್ಲಿ ಇರಿಸುತ್ತಾನೆ. ಮನೆಯಂಗಳದ ಹತ್ತಿಯಿಂದ ಹೊರಟು ಜೈನರ ಮಹಾತೀರ್ಥವಾದ ಕೊಪ್ಪಳವನ್ನು ಮುಟ್ಟುವ ಈ ಸಾಲಿನಲ್ಲಿ ವೈದಿಕರಿಗೂ ಜೈನರಿಗೂ ಒಪ್ಪಿತವಾಗುವ ವಸ್ತುಗಳಿವೆ. ಇದೇ ರನ್ನನು ಗದಾಯುದ್ಧದಲ್ಲಿ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಅಭೇದವಾಗಿ ಕಲ್ಪಿಸಿ ಪ್ರತಿಜ್ಞೆ, ಕ್ರೋಧ, ಶೌರ್ಯಗಳನ್ನು ಮೆರೆಸಿದವನೆಂಬುದನ್ನು ಮರೆಯುವಂತಿಲ್ಲ. ಒಬ್ಬನೇ ಕವಿ ಎರಡು ಕೃತಿಗಳಲ್ಲಿ ಎರಡು ಗುಣಕೋಶಗಳನ್ನು ಬಳಸಿದನು. ಇದನ್ನು ಅವಕಾಶವಾದವೆನ್ನುವುದು ಅವಸರದ ತೀರ್ಮಾನವಾದೀತು. ಆ ಕಾಲದ ವಿದ್ಯಾವಂತನ ಮನಸ್ಸಿನಲ್ಲಿ ಎರಡಕ್ಕೂ ಸ್ಥಳವಿತ್ತು. ಆದರೆ ಮಕ್ಕಳಿಗೆ ಹೆಸರಿಡುವಾಗ ಮಗನಿಗೆ ಚಾವುಂಡರಾಯನ ನೆನಪಿನಲ್ಲಿ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಇಟ್ಟನು. ಬಳೆಗಾರರ ಕುಲದ ಹುಡುಗಿಗೆ ದಂಡನಾಯಕನ ಮಡದಿಯ ಹೆಸರು ಬಂದುದು ಸಭೆಯ ಪ್ರಶಂಸೆಗಿಂತ ಭಿನ್ನವಾದ ಸಾಕ್ಷ್ಯ.

ಪ್ರಭುತ್ವದ ಮುದ್ರೆ ಬಿದ್ದುದು ಲಕ್ಕುಂಡಿಯಲ್ಲಿ. ಅಂದಿನ ಲೊಕ್ಕಿಗುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯದ ಶಾಸನ 1007ರದು; ಆಗ ಸತ್ಯಾಶ್ರಯ ಇರಿವಬೆಡಂಗನ ಆಳ್ವಿಕೆ. ಈ ಹೊತ್ತಿಗೆ ಆಕೆ ಮಂತ್ರಿಯ ಸೊಸೆಯೆಂಬ ಗುರುತನ್ನು ದಾಟಿ ಸ್ವತಂತ್ರ ಕೀರ್ತಿಯುಳ್ಳವಳಾಗಿದ್ದಳು. ಪವಾಡಗಳು ಆಕೆಯ ಸುತ್ತ ಹೆಣೆದುಕೊಂಡಿದ್ದವು. ಜಿನಬಿಂಬವನ್ನು ತಲೆಯ ಮೇಲಿರಿಸಿಕೊಂಡು ಹೊಳೆಗೆ ಇಳಿದಾಗ ಗೋದಾವರಿಯ ಪ್ರವಾಹ ನಿಂತಿತು, ಮದಿಸಿದ ಆನೆ ಎದುರಿಗೆ ಬಂದು ತಲೆಬಾಗಿತು ಎಂಬಿವು ಅವುಗಳಲ್ಲಿ ಮುಖ್ಯ. ಇವುಗಳನ್ನು ಐತಿಹ್ಯವೆಂದು ಬದಿಗಿರಿಸುವುದು ಸುಲಭ. ಆದರೆ ಹೊಳೆ ನಿಲ್ಲಿಸುವುದು ಸೈನ್ಯಕ್ಕೆ ದಾರಿ ಮಾಡಿಕೊಡುವ ಕ್ರಿಯೆ. ಆನೆಯನ್ನು ಬಾಗಿಸುವುದು ವೀರನ ಕ್ರಿಯೆ. ಆಯುಧವಿಲ್ಲದ ವ್ರತಸ್ಥೆಯಿಂದ ಅವೆರಡೂ ನಡೆದವೆಂದು ಜನ ನಂಬಿದರು. ಶೀಲಕ್ಕೆ ಶೌರ್ಯದಷ್ಟೇ ಬಲವಿದೆಯೆಂದು ಒಪ್ಪಿಸಲು ಅವರಿಗೆ ಶೌರ್ಯದ ಫಲಗಳನ್ನೇ ತೋರಿಸಬೇಕಾಯಿತು. ಪಡೆವಳ ತೈಲನಂತಹ ಅಧಿಕಾರಸ್ಥ ಮಗನು ಬೆನ್ನಿಗೆ ಇಲ್ಲದಿದ್ದರೆ ಈ ಕೀರ್ತಿ ಕಲ್ಲಿಗೆ ಏರುತ್ತಿತ್ತೇ ಎಂಬ ಪ್ರಶ್ನೆಯೂ ಉಳಿಯುತ್ತದೆ.

ಸುಮಾರು ಒಂದು ಶತಮಾನದ ನಂತರ ಅಳತೆಯ ದಿಕ್ಕೇ ಬದಲಾಯಿತು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನನ್ನು ಕುರಿತ ಶ್ರವಣಬೆಳಗೊಳದ 12ನೆಯ ಶತಮಾನದ ಶಾಸನವೊಂದು, ಕಾವೇರಿ ಉಕ್ಕಿ ಸುತ್ತುವರಿದರೂ ಆ ಜಿನಭಕ್ತನನ್ನು ಮುಟ್ಟಲಿಲ್ಲವೆಂದು ಹೇಳುತ್ತದೆ. ಅದಕ್ಕೆ ಅದು ಕೊಡುವ ಪೂರ್ವನಿದರ್ಶನ ಅತ್ತಿಮಬ್ಬೆಗಾಗಿ ನಿಂತ ಗೋದಾವರಿ. ತಲಕಾಡನ್ನು ಗೆದ್ದ ಸೇನಾಪತಿಯ ಮಹಿಮೆಯನ್ನು ಒಬ್ಬ ಹೆಣ್ಣಿನ ಹೆಸರಿನಿಂದ ಅಳೆಯಲಾಗಿದೆ. ಈಚಿನ ಕಾಲದಲ್ಲಿ ಕರ್ನಾಟಕ ಸರ್ಕಾರವು ಮಹಿಳಾ ಸಾಹಿತಿಗಳಿಗೆ ಕೊಡುವ ಪ್ರಶಸ್ತಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನಿಟ್ಟಿತು. ಆಕೆ ಸ್ವತಃ ಕಾವ್ಯ ಬರೆದವಳಲ್ಲ, ಬರೆಯಿಸಿದವಳು, ಪ್ರತಿಮಾಡಿಸಿದವಳು. ವ್ರತ ಮತ್ತು ಬಿಂಬದಾನಗಳು ಹಿಂದೆ ಸರಿದು ಗ್ರಂಥಪ್ರೀತಿ ಮುಂದಕ್ಕೆ ಬಂದಿದೆ. ಗುಂಡಮಬ್ಬೆಯ ಹೆಸರು ಅಜಿತಪುರಾಣವನ್ನು ಓದುವವರ ಆಚೆಗೆ ಅಪರೂಪವಾಗಿ ಕೇಳಿಸುತ್ತದೆ.