ಫಾರ್ಮುಲಾಗೆ ಅಕ್ಷರ ಕೊಟ್ಟ ಬರ್ಜೀಲಿಯಸ್

ಸೋಡಿಯಂಗೆ ‘ಎನ್‌ಎ’ ಯಾಕೆ, ಕಬ್ಬಿಣಕ್ಕೆ ‘ಎಫ್‌ಇ’ ಯಾಕೆ? ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ, ಈಗ ಕೆಮಿಸ್ಟ್ರಿ ಸೈಕಲ್‌ವರೆಗೂ ಬಂದಿದ್ದೇವೆ. ಆದ್ರೆ ಈ ಅಕ್ಷರಗಳನ್ನ ಕೊಟ್ಟವರು ಯಾರು ಅಂತ ನಮ್ಮಲ್ಲಿ ಹೆಚ್ಚಿನವರು ಕೇಳಿಕೊಂಡೇ ಇಲ್ಲ. ಅವರೇ ಸ್ವೀಡನ್ನಿನ ಯೆನ್ಸ್ ಯಾಕೋಬ್ ಬರ್ಜೀಲಿಯಸ್.

1779ರ ಆಗಸ್ಟ್ 20ರಂದು ಹುಟ್ಟಿದ ಅವರು ಚಿಕ್ಕ ವಯಸ್ಸಿನಲ್ಲೇ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡರು. ಉಪ್ಸಾಲಾದಲ್ಲಿ ಓದಿದ್ದು ವೈದ್ಯಕೀಯ, ಮನಸ್ಸು ಮಾತ್ರ ರಸಾಯನಶಾಸ್ತ್ರದ ಕಡೆ. 1807ರಲ್ಲಿ ಸ್ಟಾಕ್‌ಹೋಮಿನಲ್ಲಿ ಪ್ರೊಫೆಸರ್ ಆದರು. ಅವರ ಲ್ಯಾಬ್ ನಮ್ಮ ಕಾಲೇಜಿನ ಲ್ಯಾಬ್ ತರ ಇರಲಿಲ್ಲ, ಮನೆಯ ಅಡುಗೆಮನೆಗೆ ಅಂಟಿಕೊಂಡೇ ಇತ್ತು. ಅಡುಗೆ ಮಾಡ್ತಿದ್ದ ಅನ್ನಾ ಅವರೇ ಪ್ರಯೋಗದ ಗಾಜಿನ ಪಾತ್ರೆಗಳನ್ನೂ ತೊಳೀತಿದ್ದರು. ಇಂಥ ಜಾಗದಲ್ಲಿ ಅವರು ಸುಮಾರು 2000 ಸಂಯುಕ್ತಗಳನ್ನು ವಿಶ್ಲೇಷಿಸಿ ಪರಮಾಣು ತೂಕಗಳ ಪಟ್ಟಿ ಮಾಡಿದರು.

ಆಗ ಇಂಗ್ಲೆಂಡಿನ ಡಾಲ್ಟನ್ ಧಾತುಗಳಿಗೆ ವೃತ್ತ ಬರೆದು, ಒಳಗೆ ಚುಕ್ಕಿ, ಗೆರೆ ಹಾಕ್ತಿದ್ದರು. ಬರೆಯೋದಕ್ಕೂ ಕಷ್ಟ, ಅಚ್ಚು ಹಾಕೋದಕ್ಕೂ ಕಷ್ಟ. ಬರ್ಜೀಲಿಯಸ್ 1813-14ರಲ್ಲಿ ಸುಲಭದ ದಾರಿ ಹೇಳಿದರು: ಲ್ಯಾಟಿನ್ ಹೆಸರಿನ ಮೊದಲಕ್ಷರ ಸಾಕು, ಎರಡು ಹೆಸರು ಒಂದೇ ಅಕ್ಷರದಿಂದ ಶುರುವಾದ್ರೆ ಇನ್ನೊಂದು ಅಕ್ಷರ ಸೇರಿಸೋಣ. ಹಾಗಾಗಿ ನೇಟ್ರಿಯಂ ‘ಎನ್‌ಎ’ ಆಯ್ತು, ಫೆರ್ರಂ ‘ಎಫ್‌ಇ’ ಆಯ್ತು. ಅಕ್ಷರ ಬರೀ ಹೆಸರಲ್ಲ, ಆ ಧಾತುವಿನ ಒಂದು ನಿಶ್ಚಿತ ಪ್ರಮಾಣ. ಪಕ್ಕದ ಅಂಕಿ ಎಷ್ಟು ಪಾಲು ಅನ್ನೋದನ್ನ ಹೇಳುತ್ತೆ. ಅವರು ಅಂಕಿಯನ್ನ ಮೇಲೆ ಬರೀತಿದ್ದರು, ಕೆಳಗೆ ಬಂದಿದ್ದು ಆಮೇಲೆ.

ನಾವು ಸಮೀಕರಣ ಬ್ಯಾಲೆನ್ಸ್ ಮಾಡುವಾಗ ಎಡವೋದು ಈ ಅಂಕಿಗಳಲ್ಲೇ. 2ಎಚ್₂ಓ ಅಂದ್ರೆ ನೀರಿನ ಎರಡು ಅಣುಗಳು. ಎಚ್₂ಓ₂ ಅಂದ್ರೆ ನೀರೇ ಅಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಮುಂದಿನ ಅಂಕಿ ಬದಲಾಯಿಸಿದ್ರೆ ಎಷ್ಟು ಅನ್ನೋದು ಬದಲಾಗುತ್ತೆ, ಕೆಳಗಿನದನ್ನ ಮುಟ್ಟಿದ್ರೆ ವಸ್ತುವೇ ಬದಲಾಗುತ್ತೆ.

ಡಾಲ್ಟನ್ 1844ರಲ್ಲಿ ತೀರಿಕೊಳ್ಳುವವರೆಗೂ ಈ ಅಕ್ಷರಗಳನ್ನು ಒಪ್ಪಲಿಲ್ಲ. ಬರ್ಜೀಲಿಯಸ್ ಕೂಡ ಕಡಿಮೆ ಹಟದವರಲ್ಲ. ಒಂದೇ ಧಾತುವಿನ ಎರಡು ಪರಮಾಣುಗಳು ಒಂದಕ್ಕೊಂದು ಕೂಡಲಾರವು ಅಂತ ನಂಬಿದ್ದರಿಂದ, ಅವೊಗಾಡ್ರೋ ಹೇಳಿದ ಜೋಡಿ ಪರಮಾಣುಗಳ ಅಣುವನ್ನು ಅವರು ಒಪ್ಪಲೇ ಇಲ್ಲ. ಆ ಗೊಂದಲ ಬಗೆಹರಿಯೋಕೆ ಅವರ ಕಾಲದ ನಂತರವೂ ವರ್ಷಗಳು ಬೇಕಾದವು.

ಸೆಲೆನಿಯಂ, ಥೋರಿಯಂ ಕಂಡುಹಿಡಿದ, ‘ಕೆಟಾಲಿಸಿಸ್’, ‘ಐಸೋಮರ್’ ಅನ್ನೋ ಪದಗಳನ್ನ ಕೊಟ್ಟ ಬರ್ಜೀಲಿಯಸ್ 1848ರ ಆಗಸ್ಟ್ 7ರಂದು ತೀರಿಕೊಂಡರು. ಅವರು ತಪ್ಪೆಂದ ಹೈಡ್ರೋಜನ್ ಅಣುವನ್ನೂ ನಾವಿವತ್ತು ಅವರದೇ ಅಕ್ಷರದಲ್ಲಿ ಎಚ್₂ ಅಂತ ಬರೀತೀವಿ.