ಗಾಳಿಗೆ ತೂಗುವ ಶಿಲ್ಪಗಳ ಕಾಲ್ಡರ್

ಅಲೆಕ್ಸಾಂಡರ್ ಕಾಲ್ಡರ್ 1898ರಲ್ಲಿ ಅಮೆರಿಕದಲ್ಲಿ ಜನಿಸಿದರು. ತಂದೆ, ತಾತ ಇಬ್ಬರೂ ಶಿಲ್ಪಿಗಳು. ಕಾಲ್ಡರ್ ಓದಿದ್ದು ಮಾತ್ರ ಮೆಕ್ಯಾನಿಕಲ್ ಎಂಜಿನಿಯರಿಂಗ್. 1919ರಲ್ಲಿ ಪದವಿ ಪಡೆದರು. ಮುಂದೆ ಪ್ಯಾರಿಸ್ಸಿನಲ್ಲಿ ತಂತಿ, ತಗಡುಗಳಿಂದ ಚಲಿಸುವ ಶಿಲ್ಪಗಳನ್ನು ಮಾಡತೊಡಗಿದರು. 1931ರಲ್ಲಿ ಕಲಾವಿದ ಮಾರ್ಸೆಲ್ ದುಶಾಂ ಅವುಗಳಿಗೆ ‘ಮೊಬೈಲ್’ ಎಂದು ಹೆಸರಿಟ್ಟರು. ಮೊದಲು ಕೆಲವು ಮೋಟಾರಿನಿಂದ ತಿರುಗುತ್ತಿದ್ದವು; ಬಳಿಕ ಗಾಳಿಯೇ ಸಾಕಾಯಿತು. 1955ರಲ್ಲಿ ಭಾರತಕ್ಕೆ ಬಂದಾಗ ಅಹಮದಾಬಾದಿನಲ್ಲೂ ಶಿಲ್ಪಗಳನ್ನು ರಚಿಸಿದರು.

ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಗ್ಯಾಲರಿಗಾಗಿ ಅವರು ಸುಮಾರು 23 ಮೀಟರ್ ಅಗಲದ ಮೊಬೈಲ್ ರೂಪಿಸಿದರು. ಉಕ್ಕಿನಲ್ಲಿ ಮಾಡಿದರೆ ಅದು ಗಾಳಿಗೆ ಅಲುಗಲಾಗದಷ್ಟು ಭಾರವಾಗುತ್ತಿತ್ತು. ಪಾಲ್ ಮಾಟಿಸ್ ಎಂಬವರು ಜೇನುಗೂಡಿನಂತೆ ಟೊಳ್ಳು ಕೋಶಗಳಿರುವ ಅಲ್ಯೂಮಿನಿಯಂ ಹಲಗೆ ಬಳಸಿ, ತೂಕವನ್ನು ಸುಮಾರು 417 ಕಿಲೋಗ್ರಾಂಗೆ ಇಳಿಸಿದರು. 1977ರಲ್ಲಿ ಅದನ್ನು ಚಾವಣಿಗೆ ತೂಗುಹಾಕಿದರು. ನೋಡಲು ಕಾಲ್ಡರ್ ಇರಲಿಲ್ಲ. 1976ರ ನವೆಂಬರಿನಲ್ಲೇ ತೀರಿಕೊಂಡಿದ್ದರು.

ಮಕ್ಕಳೇ, ಇದರ ಗುಟ್ಟು ತಿಳಿಯಲು ದೇವದುರ್ಗ, ಮಾನ್ವಿಯ ಹೊಲಗಳಲ್ಲಿ ಸಿಗುವ ಜೋಳದ ದಂಟು ಸಾಕು. ಒಂದು ತುದಿಗೆ ದೊಡ್ಡ ರಟ್ಟು, ಇನ್ನೊಂದಕ್ಕೆ ಚಿಕ್ಕ ರಟ್ಟು ಕಟ್ಟಿ. ದಂಟನ್ನು ದಾರದಿಂದ ತೂಗುಬಿಟ್ಟು, ಅದು ಸಮವಾಗಿ ನಿಲ್ಲುವವರೆಗೆ ದಾರವನ್ನು ಸರಿಸಿ. ದಾರ ಭಾರದ ಕಡೆಗೇ ಹತ್ತಿರವಿರುತ್ತದೆ. ಭಾರ ಹೆಚ್ಚಿದ್ದರೆ ದೂರ ಕಡಿಮೆ, ಭಾರ ಕಡಿಮೆಯಿದ್ದರೆ ದೂರ ಹೆಚ್ಚು. ಈಗ ಮೆಲ್ಲಗೆ ಊದಿ ನೋಡಿ!