ಕೊರಿಯದ ಕೈದಿಗಳ ನಡುವೆ ಜನರಲ್ ತಿಮ್ಮಯ್ಯ

ಕಾಸರಗೋಡಿನಿಂದ ಸುಳ್ಯ ದಾಟಿ ಘಟ್ಟ ಹತ್ತಿದರೆ ಸಿಗುವ ಮಡಿಕೇರಿಯಲ್ಲಿ 1906ರ ಮಾರ್ಚ್ 31ರಂದು ಜನಿಸಿದವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಅವರ ಹೆಸರೆತ್ತಿದೊಡನೆ 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದ ಸಾಹಸವೇ ಹಲವರಿಗೆ ನೆನಪಾಗುತ್ತದೆ. ಆದರೆ ಅವರ ಬಾಳಿನ ಅತಿ ಕಠಿಣ ಪರೀಕ್ಷೆ ನಡೆದುದು, ಯುದ್ಧ ಮಾಡಲೆಂದಲ್ಲದೆ ಹೋದ ಕೊರಿಯದಲ್ಲಿ ಎಂದು ನನ್ನ ಅಭಿಪ್ರಾಯ.

ಕೊರಿಯದ ಜನ ಒಂದೇ, ಭಾಷೆಯೂ ಒಂದೇ. 1945ರಲ್ಲಿ ಜಪಾನು ಸೋತಾಗ 38ನೆಯ ಅಕ್ಷಾಂಶದ ಮೇಲೆ ಹೊರಗಿನವರು ಎಳೆದ ಗೆರೆ ಅದನ್ನು ಎರಡು ಹೋಳು ಮಾಡಿತು. 1950ರ ಜೂನ್ 25ರಂದು ಉತ್ತರದ ಸೈನ್ಯ ಗೆರೆ ದಾಟಿತು. ದಕ್ಷಿಣದ ನೆರವಿಗೆ ಅಮೆರಿಕದ ಮುಂದಾಳುತನದಲ್ಲಿ ವಿಶ್ವಸಂಸ್ಥೆಯ ಪಡೆ ಬಂದರೆ, ಉತ್ತರದ ನೆರವಿಗೆ ಚೀನದ ಪಡೆ ಬಂತು. ಸಂಧಾನ ಬಹುಕಾಲ ಸಿಕ್ಕಿಕೊಂಡದ್ದು ಒಂದೇ ಪ್ರಶ್ನೆಯಲ್ಲಿ: ಊರಿಗೆ ಮರಳಲು ಒಲ್ಲೆನೆನ್ನುವ ಕೈದಿಯನ್ನು ಏನು ಮಾಡುವುದು?

1953ರ ಜುಲೈ 27ರಂದು ಕದನವಿರಾಮವಾಯಿತು. ಆ ಪ್ರಶ್ನೆಯನ್ನು ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ವಹಿಸಿದರು, ಅಧ್ಯಕ್ಷರು ತಿಮ್ಮಯ್ಯನವರು. ಕಾವಲಿಗೆ ಥೋರಾಟರ ಕೈಕೆಳಗಿನ ಭಾರತೀಯ ಪಡೆ. ದಕ್ಷಿಣದ ಅಧ್ಯಕ್ಷ ಸಿಂಗ್ಮನ್ ರೀ ನಮ್ಮ ಸೈನಿಕರು ತಮ್ಮ ನೆಲ ಮೆಟ್ಟಕೂಡದೆಂದು ಹಟ ಹಿಡಿದುದರಿಂದ, ಅವರನ್ನು ಹಡಗಿನಿಂದಲೇ ಹೆಲಿಕಾಪ್ಟರಿನಲ್ಲಿ ನಡುವಣ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು!

ಅಲ್ಲಿ ಕಾದಿದ್ದವರು ವಿಶ್ವಸಂಸ್ಥೆಯ ಪಡೆ ಹಿಡಿದಿದ್ದ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯದ ಕೈದಿಗಳು. ಇನ್ನೊಂದು ಕಡೆಯವರು 359 ಮಂದಿ. ಪ್ರತಿಯೊಬ್ಬನನ್ನೂ ಡೇರೆಗೆ ಕರೆದು, ಅವನ ದೇಶದ ಅಧಿಕಾರಿಗಳು ತಿಳಿಯಹೇಳಿದ ಮೇಲೆ, ಹೋಗುವುದೋ ಉಳಿಯುವುದೋ ಅವನೇ ಹೇಳಬೇಕು. ಕಾಗದದ ಮೇಲೆ ಸುಲಭ. ಆದರೆ ಬೇಲಿಯೊಳಗೆ ಕೈದಿಗಳ ಮುಖಂಡರದ್ದೇ ದರ್ಬಾರು. ಮರಳುವ ಮಾತೆತ್ತಿದವನಿಗೆ ಜೀವಭಯ. ಹೆದರಿದವನ ಒಲ್ಲೆ ಎಂಬ ಮಾತು ಅವನ ಸ್ವಂತದ್ದೇ? ಬಲಾತ್ಕಾರದಿಂದ ಡೇರೆಗೆ ಎಳೆತಂದರೆ ರಕ್ತಪಾತವಾಗುತ್ತಿತ್ತು. ಅದಕ್ಕೆ ತಿಮ್ಮಯ್ಯನವರು ಒಪ್ಪಲಿಲ್ಲ. 90 ದಿನಗಳ ಅವಧಿ ಮುಗಿದಾಗ ಬಹುಪಾಲು ಕೈದಿಗಳ ಸರದಿಯೇ ಬಂದಿರಲಿಲ್ಲ.

ಅಣ್ಣತಮ್ಮಂದಿರು ಎರಡು ಕಡೆಯಲ್ಲಿ ನಿಲ್ಲುವುದೆಂದರೇನೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅವರು ಬರ್ಮಾದಲ್ಲಿ ಬ್ರಿಟಿಷ್ ಭಾರತದ ಸೇನೆಯಲ್ಲಿ ಕಾದಾಡಿದರೆ, ಅಣ್ಣ ಪೊನ್ನಪ್ಪನವರು ಸುಭಾಷರ ಆಜಾದ್ ಹಿಂದ್ ಫೌಜಿನಲ್ಲಿದ್ದರು.

ಕೈದಿಗಳ ಗತಿಯನ್ನು ನಿರ್ಣಯಿಸಬೇಕಾಗಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಬಿಡುಗಡೆ ಮಾಡಲು ತಮಗೆ ಅಧಿಕಾರವಿಲ್ಲ, ಇಟ್ಟುಕೊಳ್ಳಲೂ ಅವಧಿಯಿಲ್ಲವೆಂದು ಕಂಡ ತಿಮ್ಮಯ್ಯನವರು 1954ರ ಜನವರಿಯಲ್ಲಿ ಅವರನ್ನು ಸೆರೆಹಿಡಿದ ಕಡೆಗೇ ಒಪ್ಪಿಸಿದರು. ವಿಶ್ವಸಂಸ್ಥೆಯ ಪಡೆ ಅವರನ್ನು ಬಿಟ್ಟುಬಿಟ್ಟಿತು; ಉತ್ತರದವರು ಒಪ್ಪಂದ ಮುರಿಯಿತೆಂದರು. ಎರಡೂ ಕಡೆಗೆ ಅಸಮಾಧಾನ. ಎರಡು ಕಡೆಯೂ ಬೇಡವೆಂದ 80ಕ್ಕೂ ಮಿಕ್ಕಿದ ಕೈದಿಗಳು ನಮ್ಮ ಸೈನಿಕರೊಡನೆ ಭಾರತಕ್ಕೆ ಬಂದರು.

ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. 1964ರಲ್ಲಿ ಮತ್ತೆ ಕರೆ ಬಂತು, ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್ ದ್ವೀಪದಿಂದ. ಅಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿದ್ದಾಗಲೇ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಕೊರಿಯದ ಬಗ್ಗೆ ಅವರು ಬರೆದಿಟ್ಟಿದ್ದ ಪುಸ್ತಕ ಅಚ್ಚಾದುದು 1981ರಲ್ಲಿ.